ಹಗಲು ನೋಡಿದರೆ ಏನೂ ಇಲ್ಲ

ವೀಸಾದಲ್ಲಿ ಬರೆದದ್ದು ಡ್ರೈವರ್ ಎಂದು.
ಗಾಡಿ ವಾರಕ್ಕೆರಡು ಸಲ ಬರ್ಕಾದ ಮೀನು ಮಾರ್ಕೆಟ್ಟಿಗೆ ಹೋಗಿ ಬರುತ್ತದೆ,
ಉಳಿದ ದಿನ ನಾನು
ನಲವತ್ತೊಂದು ಕೋಳಿಗಳ ಪಾಲಿನವನು.

ಮಗ್ರಿಬ್ ಬಾಂಗ್ ಆದರೂ ಗೂಡು ಸೇರಲೊಲ್ಲವು.
ಖರ್ಜೂರದ ಬುಡದಲ್ಲಿ, ನೀರಿನ ಪೈಪಿನ ಮೇಲೆ,
ಗಾಡಿಯ ಬಾನೆಟ್ಟಿನ ಮೇಲೂ
ಕತ್ತು ಒಳಗೆಳೆದು ಕೂತವು.
ಹುಂಜದ ಜುಟ್ಟು ಬಿಳಿಚಿತ್ತು.
ಮೊಟ್ಟೆ ಇಪ್ಪತ್ತೆಂಟರಿಂದ ಹನ್ನೊಂದಕ್ಕೆ ಇಳಿದು,
ಒಂದೆರಡರ ಸಿಪ್ಪೆಯ ಮೇಲೆ
ಪೆನ್ನು ತಪ್ಪಿ ಕುಕ್ಕಿದ ಹಾಗೆ ಕೆಂಪು ಚುಕ್ಕಿ.

"ಶಂದ್ರಾ" ಎಂದಳು ಉಮ್ಮ್ ಸುಲೈಯಿಂ.
ಅವಳ ನಾಲಿಗೆಗೆ ಚ ಇಲ್ಲ, ಚಂದ್ರಾಮ ಎಂಬ ಹೆಸರಿನಲ್ಲಿ
ಅರ್ಧ ದಾರಿಗೇ ಇಳಿದುಬಿಡುತ್ತಾಳೆ.
"ಕಣ್ಣು ಬಿದ್ದಿದೆ. ಪಕ್ಕದ ಮೌಜಾಳದೇ."
ಲೋಬಾನ ಹಾಕಿಸಿದಳು. ಗೂಡೆಲ್ಲ ಹೊಗೆ.
ಕೋಳಿಗಳು ಸೀನಿದವು. ಅಷ್ಟೇ.

ಹಗಲು ನೋಡಿದರೆ ಏನೂ ಇಲ್ಲ.
ಹಗಲು ನೋಡುವವರಿಗೆ ಎಂದೂ ಏನೂ ಸಿಗುವುದಿಲ್ಲ, ನನಗೆ ಗೊತ್ತು.
ಮಸ್ಕತ್ತಿನ ಗಾಲಾದಲ್ಲಿ, ಹದಿನಾಲ್ಕು ಜನರ ಕೋಣೆಯಲ್ಲಿ,
ಕಬ್ಬಿಣದ ಮೇಲ್ಮಂಚದಲ್ಲಿ ಎರಡು ವರ್ಷ ಮಲಗಿದವನು.
ಕಂಪನಿಯ ಸಾಹೇಬ ಹತ್ತು ಗಂಟೆಯ ಬೆಳಕಿನಲ್ಲಿ ಬಂದು
ಹಾಸಿಗೆ ಮೇಲೆ ಬೆರಳಾಡಿಸಿ
"ಸಾಫ್" ಎಂದು ಬರೆದುಕೊಂಡು ಹೋಗುತ್ತಿದ್ದ.

ರಾತ್ರಿ ಟಾರ್ಚು ಹಿಡಿದು, ಅವಳ ಹಳೆಯ ಬಿಳಿ ತಲೆವಸ್ತ್ರದ ತುಂಡಿನಿಂದ
ಕೋಳಿ ಕೂರುವ ಅಡ್ಡಗೋಲಿನ ಕೆಳಮೈ ಒಮ್ಮೆ ಒರೆಸಿದೆ.
ಬಟ್ಟೆಯ ಉದ್ದಕ್ಕೂ ಕೆಂಪು ಗೀರು.
"ಯಾರ ರಕ್ತ ಇದು?"
ನಿಮ್ಮ ಕೋಳಿಗಳದ್ದು.
ನುಸಿಗೆ ಅರಬ್ಬಿಯಲ್ಲಿ ಏನೆನ್ನುತ್ತಾರೋ, ನನಗೆ ಬಾರದು.
ಉಪ್ಪಿನ ಕಾಳು ಹಿಡಿದಂತೆ ಬೆರಳು ಜೋಡಿಸಿ ತೋರಿಸಿದೆ:
ಇದಕ್ಕೆ ಸ್ವಂತ ಬಣ್ಣ ಇಲ್ಲ, ಉಮ್ಮಾ.
ಹಸಿದಾಗ ಬೂದಿ, ಉಂಡಾಗ ಕೆಂಪು.

ಬೆಳಗಾದದ್ದೇ ಹಳೆ ಹಾಸು ಸುಟ್ಟೆ, ಗೋಲು ಕಳಚಿ ಬಿಸಿಲಿಗೆ ಎಳೆದೆ.
ಪಂಕ್ಚರ್ ಅಂಗಡಿಯ ಶಫೀಕುಲ್‌ನ ಗ್ಯಾಸ್ ಬರ್ನರ್ ಎರವಲು ತಂದು
ಮೊಳೆ ತೂತು, ಹಲಗೆಯ ಸಂದು, ಕದದ ಕೀಲು,
ಒಂದೂ ಬಿಡದೆ ಬೆಂಕಿ ನೆಕ್ಕಿಸಿದೆ.
ಚಿಟಿಚಿಟಿ ಸದ್ದು.
ಆ ಸದ್ದಿಗೆ ನಾನು ನಕ್ಕೆ. ತಪ್ಪಾದರೆ ತಪ್ಪು.

ಆಮೇಲೆ ಸುಣ್ಣ, ಎರಡು ಕೈ.
ಹಳೆ ಟಯರಿನಲ್ಲಿ ಮರಳು, ಒಲೆಯ ಬೂದಿ.
ಅದರಲ್ಲಿ ಬಿದ್ದು ಹೊರಳಿದವು ನೋಡಿ,
ವರ್ಷಕ್ಕೊಮ್ಮೆ ಎಣ್ಣೆನೀರು ಕಂಡ ಮಕ್ಕಳ ಹಾಗೆ!
ಬಾಲದ ಬುಡದಲ್ಲಿ ಹೇನಿದ್ದ ಎಂಟನ್ನು
ತಲೆಕೆಳಗು ಹಿಡಿದು ನಾನೇ ಪುಡಿ ಉಜ್ಜಿದೆ.
ಒಂದು ನನ್ನ ಅಂಗಿಯ ಮೇಲೆ ಹಿಕ್ಕೆ ಹಾಕಿ ಲೆಕ್ಕ ಚುಕ್ತಾ ಮಾಡಿತು.

ಕೊನೆಗೆ ಅಡ್ಡಗೋಲಿನ ನಾಲ್ಕು ಕಾಲಿಗೆ ನಾಲ್ಕು ಟ್ಯೂನಾ ಡಬ್ಬಿ,
ಡಬ್ಬಿಯಲ್ಲಿ ಗಾಡಿಯಿಂದ ಇಳಿಸಿದ ಎಣ್ಣೆ.
ಅಕ್ಕನ ಬಾಣಂತನದಲ್ಲಿ ಅವ್ವ ಮಂಚದ ಕಾಲಿಗೆ
ಹೀಗೇ ನೀರಿನ ಬಟ್ಟಲು ಇಟ್ಟಿದ್ದಳು,
ಇರುವೆ ಕೂಸಿನ ತನಕ ಏರದಿರಲೆಂದು.

"ಮುಗಿಯಿತೇ?"
ಇಲ್ಲ. ಬೆಂಕಿ ತಲುಪದ ಕಡೆ ಮೊಟ್ಟೆಗಳಿವೆ,
ಒಡೆದು ಬರುತ್ತವೆ. ಏಳನೆಯ ದಿನ
ಎಲ್ಲ ಮತ್ತೆ ಮೊದಲಿನಿಂದ.
"ಇಷ್ಟೆಲ್ಲ ಎಲ್ಲಿ ಕಲಿತೆ? ನಿಮ್ಮ ಮನೆಯಲ್ಲಿ ಕೋಳಿ ಇದ್ದವೇ?"
ಹೂಂ ಎಂದೆ.
ಕೊರಳಲ್ಲಿ ಲಿಂಗ ಕಟ್ಟಿದ ಮನೆ ನಮ್ಮದು.
ಮೊಟ್ಟೆಯ ಬುಟ್ಟಿ ಎದುರು ಬಂದರೆ ಅವ್ವ ಓಣಿ ಬದಲಿಸುತ್ತಿದ್ದಳು.

ಏಳು ದಿನಕ್ಕೆ ಮತ್ತೆ ಬೆಂಕಿ, ಮತ್ತೆ ಸುಣ್ಣ.
ಅಂದು ರಾತ್ರಿ ಟಾರ್ಚು ಹಿಡಿದದ್ದು ಅವಳು, ಒರೆಸಿದ್ದು ನಾನು.
ಬಟ್ಟೆಯ ಮೇಲೆ ಒಂದೇ ಒಂದು ಚುಕ್ಕಿ, ನಡೆಯುತ್ತಿತ್ತು.
ಅವಳೇ ಉಗುರಿಗೆ ಉಗುರು ಒತ್ತಿ
ಬಿಸ್ಮಿಲ್ಲಾ ಎಂದಳು.

ಕೋಣೆಗೆ ಬಂದು ಹಾಸಿಗೆ ಎತ್ತಿ
ಮಂಚದ ಕೀಲುಗಳಿಗೆ ಟಾರ್ಚು ಬಿಟ್ಟೆ.
ಈ ಮನೆಗೆ ಬಂದು ಮೂರು ವರ್ಷ, ಅಲ್ಲಿ ಏನೂ ಇಲ್ಲ.
ಆದರೂ ನಾಲ್ಕೂ ಮೂಲೆ ನೋಡಿದೆ.

ಹೊರಗೆ ಬಾನೆಟ್ಟಿನ ಮೇಲೆ
ಆ ಕಂದು ಹೇಂಟೆ ಇನ್ನೂ ಕೂತೇ ಇದೆ.
ಹಿಡಿದು ಒಳಗೆ ಹಾಕಬಹುದಿತ್ತು.
ಹಾಕಲಿಲ್ಲ.