ಜೀರೋ ನೋಡ್ಕೊಳ್ಳಿ

ಸಾಗರ ರಸ್ತೆಯ ಬಂಕಿನಲ್ಲಿ ರಾತ್ರಿಪಾಳಿ.
ತಂಗಿ ಮಗ ಮೊಬೈಲಿಗೆ ತುಂಬಿಕೊಟ್ಟಿದ್ದ ಜಪಾನಿ ಕಾರ್ಟೂನು;
ಅರಚಾಟ, ಹೊಡೆದಾಟ, ಗಾಳಿಗೆ ಹಾರುವ ಕೂದಲು.
ನಲವತ್ತು ಕಂತು ನಗುತ್ತಲೇ ನೋಡಿದೆ.

ನಲವತ್ತೊಂದರಲ್ಲಿ
ಗೆದ್ದವನು ಹೊರಡಲಿಲ್ಲ.
ಸೋತವನ ಪಕ್ಕ ಕೂತು
ಅವನ ಕಿತ್ತ ಚಪ್ಪಲಿಯ ಬಾರು
ಹಲ್ಲಲ್ಲಿ ಕಚ್ಚಿ ಬಿಗಿದ.
ಮಾತಿಲ್ಲ. ಎಷ್ಟೋ ಹೊತ್ತು
ಬರೀ ಬಾರು, ಬೆರಳು.

ಕೋಟೆ ಹಿಂದಿನ ಗರಡಿಯಲ್ಲಿ
ನಾನು ಚಿತ್ ಮಾಡಿದ ದಸ್ತಗೀರ್
ಮಣ್ಣಲ್ಲಿ ಕಿರುಬೆರಳು ಹಿಡಿದು ಕೂತಿದ್ದ.
ನಾನಾಗ ಯಾರದೋ ಹೆಗಲ ಮೇಲಿದ್ದೆ.
ಇಪ್ಪತ್ತೆರಡು ವರ್ಷ.
ಈಗ ದುರ್ಗಿಗುಡಿಯಲ್ಲಿ ಬೈಕಿನ ಸೀಟು ಹೊಲೀತಾನೆ,
ಆ ಬೆರಳು ಮಡಚುವುದಿಲ್ಲ.
ಹೋದ ತಿಂಗಳೂ ಅವನ ಹತ್ತಿರವೇ ಹೊಲಿಸಿದೆ,
ಚೌಕಾಸಿ ಮಾಡಿ.

ಹಾರನ್ನು. ಶಿಕಾರಿಪುರದ ಲಾರಿ.
ಪೈಪು ಹಿಡಿದು, ಗಂಟಲು ಸರಿಮಾಡಿಕೊಂಡು
ಜೀರೋ ನೋಡ್ಕೊಳ್ಳಿ, ಅಂದೆ.