ಬರಲಿಕ್ಕಿಲ್ಲ

ಗ್ರಿಮ್ಸ್‌ಬಿಯ ಮೀನುಕಟ್ಟೆಯ ಹಿಂದೆ, ಹಳೇ ಚಾಪೆಲ್ಲಿನ ಅಟ್ಟದಲ್ಲಿ
ಗುರುವಾರ ಸಂಜೆ ಆರೂವರೆಗೆ ಇಂಗ್ಲಿಷ್ ಪಾಠ.
ಹೀಟರಿಗೆ ನಾಣ್ಯ ಹಾಕಬೇಕು. ಇವತ್ತು ಯಾರ ಸರದಿ?
ಎಲ್ಲರೂ ಜೇಬು ತಡಕುತ್ತಾರೆ, ನಿಧಾನವಾಗಿ.
ಈನಿಡ್ ಥರ್ಲ್‌ಬಿ, ಎಪ್ಪತ್ತೈದು, ಮಂಡಿಗೆ ಪಟ್ಟಿ,
ಹಲಗೆಯ ಮೇಲೆ ಬರೆದರು:
ಅನ್‌ಲೈಕ್ಲಿ.

ಬಾಲ ನೋಡಿ ಮೋಸಹೋಗಬೇಡಿ, ಎಂದರು,
ಇದು ಅಣ್ಣನ ಕೋಟು ತೊಟ್ಟುಬಂದ ತಮ್ಮ.
ಕ್ರಿಯಾವಿಶೇಷಣದ ಹಾಗೆ ಕಾಣುವ ಬರೀ ವಿಶೇಷಣ.
'ನಾಳೆ ಮಳೆ ಬರುವುದು ಅನ್‌ಲೈಕ್ಲಿ' ಎಂದು ಉದಾಹರಣೆ ಕೊಟ್ಟರು.
ಕಿಟಕಿಗೆ ಬಡಿಯುತ್ತಿದ್ದ ಮಳೆಯೂ ಸೇರಿ ಅಟ್ಟವೆಲ್ಲ ನಕ್ಕಿತು.

ಅಸಾಧ್ಯ ಎಂದರೆ ಗೋಡೆ, ಎಂದರು ಮತ್ತೆ.
ಇದು ತೇವಕ್ಕೆ ಉಬ್ಬಿ ಸಿಕ್ಕಿಕೊಂಡ ಬಾಗಿಲು.
ಭುಜ ಕೊಟ್ಟರೆ ಒಮ್ಮೊಮ್ಮೆ ತೆರೆದೀತು.

ಇದನ್ನು ಕನ್ನಡದಲ್ಲಿ ಹೇಳುತ್ತಿರುವ ನಾನು ಇಲ್ಲಿ ತಡವರಿಸುತ್ತೇನೆ.
'ಅಸಂಭವ' ಅನ್ನಬಹುದು; ಅದು ಶಾಲು ಹೊದ್ದು ವೇದಿಕೆಯಲ್ಲಿ ಕೂತ ಪದ.
ಮನೆಮಾತಿನಲ್ಲಿ ನಾವು ಅನುಮಾನವನ್ನು ಕ್ರಿಯಾಪದದ ಬಾಲಕ್ಕೆ ಕಟ್ಟುತ್ತೇವೆ:
ಸಿಗಲಿಕ್ಕಿಲ್ಲ. ಇರಲಿಕ್ಕಿಲ್ಲ.
'ಇಲ್ಲ' ಬಂದು ಕೂರುವ ಮೊದಲು
ಒಂದು 'ಲಿಕ್ಕೆ'ಯಷ್ಟು ಜಾಗ ಬಿಟ್ಟು.

ಹಾಲಿನಾ ಕೈಯೆತ್ತಿದಳು: 'ಅನ್‌ಲೈಕ್ಲಿ ಗೆಳೆಯರು' ಅಂತ
ಪೇಪರಿನಲ್ಲಿತ್ತು. ನಾಯಿ ಮತ್ತು ಬಾತುಕೋಳಿ.
ಗೆಳೆಯರು ಆಗಲಿಕ್ಕಿಲ್ಲ ಅಂತಲೋ?
ಈನಿಡ್ ಸೀಮೆಸುಣ್ಣ ಕೆಳಗಿಟ್ಟರು.
ಆಗಿಬಿಟ್ಟಿದ್ದಾರೆ ಅಂತ. ಪದ ನಾಮಪದದ ಮುಂದೆ ಬಂದು ನಿಂತರೆ
ಆಗದೆಂದುಕೊಂಡದ್ದು ಆಗಿಹೋಗಿದೆ, ಊರೆಲ್ಲ ಮೂಗಿನ ಮೇಲೆ ಬೆರಳಿಟ್ಟಿದೆ.
ವಾಕ್ಯದ ಕೊನೆಯಲ್ಲಿ ಒಂಟಿಯಾಗಿ ನಿಂತರೆ
ಇನ್ನೂ ಕಾಯುತ್ತಿದೆ.

ಆಮೇಲೆ, ಪಾಠದಲ್ಲಿಲ್ಲದ್ದು:
ನಾನು ಆರು ವರ್ಷದವಳು. ಅಪ್ಪನ ದೋಣಿ ರೋಸ್ಮಂಡ್,
ಐಸ್‌ಲ್ಯಾಂಡಿನ ಉತ್ತರಕ್ಕೆ. ಕಂಪನಿಯಿಂದ ಬಂದವನು
ಟೋಪಿ ತೆಗೆದು ಹೇಳಿದ, ಬದುಕಿರುವುದು ಅನ್‌ಲೈಕ್ಲಿ.
ಅಮ್ಮನಿಗೆ ವ್ಯಾಕರಣ ಬರುತ್ತಿರಲಿಲ್ಲ, ಆದರೆ ಆ ಪದವನ್ನು
ಚೆನ್ನಾಗಿ ಬಳಸಿದಳು. ಹನ್ನೊಂದು ವರ್ಷ
ಹಿತ್ತಲ ಬಾಗಿಲಿಗೆ ಅಗಳಿ ಹಾಕಲಿಲ್ಲ.

ಯಾರೋ ನಾಣ್ಯ ಹಾಕಿದರು. ಹೀಟರು ಗೊರಗೊರ ಅಂದಿತು.

ತೆಸ್ಫಾಲೆಮ್ ಮಾತಾಡಲಿಲ್ಲ. ಹಗಲೆಲ್ಲ ಹ್ಯಾಡಕ್ ಮೀನು ಸೀಳಿ
ನಿಂಬೆಸೋಪಿಗೂ ಬಗ್ಗದ ವಾಸನೆಯ ಕೈ ಜೇಬಿನೊಳಗೆ
ಒಂದು ಪತ್ರದ ಮಡಿಕೆ ಸವರುತ್ತಿತ್ತು.
ಈ ಪದ ಅವನಿಗೆ ಹೊಸದಲ್ಲ. ಮೂರನೇ ಪುಟ, ಎರಡನೇ ಪ್ಯಾರಾ:
ಎರಿಟ್ರಿಯಾಕ್ಕೆ ಹಿಂದಿರುಗಿದರೆ ಅರ್ಜಿದಾರರಿಗೆ ಅಪಾಯ ಅನ್‌ಲೈಕ್ಲಿ.
ಬರೆದವನಿಗೆ ಭುಜವೇನೂ ನೋಯಲಿಲ್ಲ.
ಮೇಲ್ಮನವಿ ಸೋಮವಾರ.

ಐದು ವಾಕ್ಯ ಬರೆಯಿರಿ ಎಂದಿದ್ದರು, ಅವನು ಒಂದೇ ಬರೆದ:
ಗ್ರಿಮ್ಸ್‌ಬಿ ಈಸ್ ಅನ್‌ಲೈಕ್ಲಿ ಹೋಮ್.
ಈನಿಡ್ ಕನ್ನಡಕ ಏರಿಸಿ ಎರಡು ಸಲ ಓದಿದರು.
ಪದ ಮನೆಯ ಮುಂದೆ ನಿಂತಿದೆ, ಸರಿಯಾದ ಜಾಗ.
ಕೆಂಪು ಪೆನ್ಸಿಲಿನಲ್ಲಿ, ನಡುವೆ ತುರುಕಿದಂತೆ
ಒಂದು ಪುಟ್ಟ 'ಆ್ಯನ್' ಸೇರಿಸಿದರು, ಅಷ್ಟೇ.

ಎಂಟೂಕಾಲು. ಬಸ್‌ಸ್ಟಾಪಿನ ಗಾಜಿಗೆ ಬಿರುಕು,
ವೇಳಾಪಟ್ಟಿಯ ಮೇಲೆ ಯಾರದೋ ಚೂಯಿಂಗ್ ಗಮ್.
ಕೊನೇ ಬಸ್ಸು ಹೋಗಿರಬೇಕು, ಎಂದಳು ಹಾಲಿನಾ,
ಇನ್ನು ಬರಲಿಕ್ಕಿಲ್ಲ.
ತೆಸ್ಫಾಲೆಮ್ ಬೆಂಚಿನ ನೀರು ತೋಳಿನಿಂದ ಒರೆಸಿ
ಅವಳಿಗೂ ಜಾಗ ಮಾಡಿ ಕೂತ.