ಮೈನಸ್ ಮೂವತ್ತೇಳು

ವಾಸ್ಕೋದ ಬೈನಾದಲ್ಲಿ, ಬಲೆ ಹೊಲಿಯುವ ಅಂಗಡಿಯ ಮೇಲೆ
ಸಂಜೆ ಏಳಕ್ಕೆ ನನ್ನ ಟ್ಯೂಷನ್.
ಐದು ಮಕ್ಕಳು, ಒಂದು ಫ್ಯಾನು,
ಒರೆಸಿದಷ್ಟೂ ಕಿಟಕಿಗೆ ಕಲ್ಲಿದ್ದಲ ಧೂಳು.

ಫಕೀರೇಶನ ಅಪ್ಪ ಬಂದರಿನ ಲಾಂಚಿನಲ್ಲಿ.
ಆಚೆ ಲಂಗರು ಹಾಕಿದ ಹಡಗುಗಳಿಗೆ
ರಾತ್ರಿ ಅಕ್ಕಿ, ಈರುಳ್ಳಿ, ಸಿಹಿನೀರು ಒಯ್ಯುವ ಕೆಲಸ.
ಅದಕ್ಕೇ ಲೆಕ್ಕ ಹೀಗೆ ಕಟ್ಟಿದೆ:
ಈ ಕೋಣೆ ಸೊನ್ನೆ.
ಪಡುವಣಕ್ಕೆ ನಾಲ್ಕು, ಬಡಗಣಕ್ಕೆ ಮೂರು, ಅಲ್ಲಿ ನಿಮ್ಮಪ್ಪ.
ಎಷ್ಟು ದೂರ? ಯಾವ ಕೋನ?

ದೂರ ಬೆರಳ ಮೇಲೇ ಬಂತು, ಐದು.
ಕೋನಕ್ಕೆ ಕ್ಯಾಲ್ಕುಲೇಟರ್ ಒತ್ತಿದ.
‘ಮೈನಸ್ ಮೂವತ್ತೇಳರಿ, ಟೀಚರ.’

ಎಳೆದು ನೋಡು, ಎಂದೆ.
ಸ್ಕೇಲು ಹಿಡಿದು ಎಳೆದ.
ಗೆರೆ ಕಡಲಿಗೆ ಬೆನ್ನು ಹಾಕಿ
ದಾಬೋಳಿಯ ರನ್‌ವೇ ದಾಟಿ
ಗೇರುಮರದ ಗುಡ್ಡದಲ್ಲಿ ಹೋಗಿ ನಿಂತಿತು.
‘ಇವರಪ್ಪ ಲಾಂಚ್ ತಗೊಂಡು ಗುಡ್ಡ ಹತ್ಯಾನ!’
ಹುಡುಗಿಯರು ಬೆಂಚು ತಟ್ಟಿ ನಕ್ಕರು.
ಅವನೂ ನಕ್ಕ. ಆಮೇಲೆ ನಗಲಿಲ್ಲ.

ಯಂತ್ರದ್ದೇನು ತಪ್ಪು?
ಮೂರನ್ನು ಋಣ ನಾಲ್ಕರಿಂದ ಭಾಗಿಸು,
ಋಣ ಮೂರನ್ನು ನಾಲ್ಕರಿಂದ ಭಾಗಿಸು, ಬರುವುದು ಒಂದೇ.
ಭಾಗಾಕಾರ ಮುಗಿದ ಮೇಲೆ
ಯಾರ ಋಣ ಯಾರದೆಂದು ಗೊತ್ತಾಗುವುದಿಲ್ಲ.
ನೂರೆಂಬತ್ತು ಕೂಡಿಸು, ಎಂದೆ.
ನೂರ ನಲವತ್ತಮೂರು.
ಗೆರೆ ನೀರಿಗಿಳಿಯಿತು.

ನಮ್ಮಜ್ಜಿಗೆ ಕಿಲೋಮೀಟರು ತಿಳಿಯದು.
‘ಅಗೋ, ಒಂದು ಕೂಗಳತೆ’ ಎಂದು ಬೆರಳು ಚಾಚುತ್ತಿದ್ದಳು.
ಕೂಗಿನಷ್ಟು ದೂರ, ಬೆರಳಿನಷ್ಟು ದಿಕ್ಕು.
ಪುಸ್ತಕ ಅದನ್ನೇ ಧ್ರುವೀಯ ನಿರ್ದೇಶಾಂಕ ಎನ್ನುತ್ತದೆ,
ಪರೀಕ್ಷೆಗೆ ಎಂಟು ಅಂಕ.

ಆಮೇಲೆ ಸಮೀಕರಣಗಳು.
‘ಸುತ್ತಲೂ ಐದು’ ಎಂಬ ಪುಟ್ಟ ಮಾತು
ಚೌಕುಳಿ ಹಾಳೆಗೆ ಬಂದರೆ
ಎಕ್ಸ್ ವರ್ಗ, ವೈ ವರ್ಗ, ಕೂಡಿದರೆ ಇಪ್ಪತ್ತೈದು
ಎಂದು ಮದುವೆ ಕರೆಯೋಲೆಯಾಗುತ್ತದೆ.
ಬಂದರಿನ ಗೋಡೆ ಇಲ್ಲಿ ನೆಟ್ಟಗೆ, ಎಕ್ಸ್ ಸಮ ಎರಡು.
ಅತ್ತ ದಾಟಿಸಿದರೆ
ಎರಡು ಸೀಕೆಂಟ್ ತೀಟಾ ಎಂದು ತೊದಲುತ್ತದೆ.
ಯಾವ ಗೆರೆಗೆ ಯಾವ ಭಾಷೆ ತವರು,
ನೋಡಿ ದಾಟಿಸಬೇಕು.
ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷು, ಮೀನಿಗೆ ಕೊಂಕಣಿ
ಆಡುವ ಮಕ್ಕಳಿಗೆ ಇದನ್ನು ಹೇಳಿಕೊಡಬೇಕಿಲ್ಲ.

‘ಸೊನ್ನೆಗೆ ಕೋನ ಎಷ್ಟರಿ?’
ಪುಸ್ತಕ ಮುಚ್ಚುವಾಗ ಕೇಳಿದ.
ಸೊನ್ನೆಗೆ ಕೋನವಿಲ್ಲ. ಯಾವುದು ಹಾಕಿದರೂ ನಡೆಯುತ್ತದೆ.
‘ಅಂದ್ರ ನಮಗ ದಿಕ್ಕಿಲ್ಲೇನ್ರಿ?’
ಉತ್ತರ ಹುಡುಕುತ್ತಿದ್ದೆ. ಕರೆಂಟು ಹೋಯಿತು.
ಕತ್ತಲಲ್ಲಿ ಎಲ್ಲಿಂದಲೋ ಉದ್ದನೆಯ ಹಾರನ್ನು.
ಐವರೂ ಒಮ್ಮೆಲೇ ಒಂದೇ ಕಡೆ ಕತ್ತು ತಿರುಗಿಸಿದರು.

‘ಅಪ್ಪಂದಲ್ಲರಿ,’ ಎಂದ ಫಕೀರೇಶ.
‘ದೊಡ್ಡ ಹಡಗು ಅದು.’